ಅಟ್ಟದ ಮೇಲಿನ ನಾಲ್ಕು ಯಂತ್ರಗಳು

ಉಡುಪಿಯ ನಮ್ಮ ಮನೆಯ ಅಟ್ಟದಲ್ಲಿ ನಾಲ್ಕು ಹಳೆಯ ಕಂಪ್ಯೂಟರುಗಳಿವೆ. ಯಾವುದೋ ಕಚೇರಿ ಗುಜರಿಗೆ ಹಾಕುತ್ತಿದ್ದಾಗ ತೂಕದ ಬೆಲೆಗೆ ತಂದವು. ಅವನ್ನು ಸ್ವಿಚ್ ಎಂಬ, ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ಪೆಟ್ಟಿಗೆಗೆ ಜೋಡಿಸಿ, ಒಂದೇ ಲೆಕ್ಕವನ್ನು ನಾಲ್ಕಕ್ಕೂ ಹಂಚುವಂತೆ ಮಾಡಿದರೆ ಅದು ಕ್ಲಸ್ಟರ್. “ಇಷ್ಟು ಕರೆಂಟಿಗೆ ಹೊಸದೊಂದು ಲ್ಯಾಪ್‌ಟಾಪ್ ಇನ್ನೂ ಬೇಗ ಮಾಡುವುದಿಲ್ಲವೇ?” ಎಂದು ಭಾವ ಕೇಳಿದರು. ಮಾಡುತ್ತದೆ. ಆದರೆ ಕಲಿಯುವ ಸುಖ ಅದರಲ್ಲಿ ಸಿಗುವುದಿಲ್ಲ.

ಈ ಹುಚ್ಚಿಗೊಂದು ವಂಶಾವಳಿಯಿದೆ. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್, 486 ಜಾತಿಯ 16 ಪ್ರೊಸೆಸರುಗಳನ್ನು ಈಥರ್ನೆಟ್ ತಂತಿಯಲ್ಲಿ ಪೋಣಿಸಿ ಅದಕ್ಕೆ ಬೇವುಲ್ಫ್ ಎಂದು ಹೆಸರಿಟ್ಟರು. ಪ್ರೊಸೆಸರಿನ ವೇಗಕ್ಕೆ ಒಂದು ಜಾಲ ಸಾಲದಾಯಿತು. ಅವುಗಳನ್ನು ನಡೆಸುತ್ತಿದ್ದದ್ದು ಲಿನಕ್ಸ್, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಕಾರ್ಯಾಚರಣೆ ವ್ಯವಸ್ಥೆ. ಬೆಕರ್ ಅದರಲ್ಲಿ ಜಾಲದ ಯಂತ್ರಾಂಶವನ್ನು ದುಡಿಸುವ ಡ್ರೈವರುಗಳನ್ನು ತಿದ್ದಿ ಬರೆದು, ಒಂದಕ್ಕಿಂತ ಹೆಚ್ಚು ಜಾಲಗಳು ಒಂದೇ ಎಂಬಂತೆ ದುಡಿಯುವ ಹಾಗೆ ಮಾಡಿದರು. ಒಳಗಿನ ಕೋಡ್ ಕೈಗೆ ಸಿಗದ ವ್ಯವಸ್ಥೆಯಲ್ಲಿ ಇದು ಆಗುವ ಮಾತಾಗಿರಲಿಲ್ಲ. 2017ರ ನವೆಂಬರ್‌ನಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿರುವುದೆಲ್ಲ ಲಿನಕ್ಸ್ ಯಂತ್ರಗಳೇ.

ಸರಿ, ಲಿನಕ್ಸ್. ಆದರೆ ಉಬುಂಟು, ಡೆಬಿಯನ್ ಎಂದು ಹಲವು ರೂಪಗಳಲ್ಲಿ ಸಿಗುವ ಅದರಲ್ಲಿ ಯಾವುದು? ವೇಗ ನೋಡಿ ಆರಿಸುವವರಿದ್ದಾರೆ. ನನ್ನ ಪ್ರಕಾರ ಅದು ವ್ಯರ್ಥ ಶ್ರಮ. ಎಲ್ಲದರ ಒಡಲಲ್ಲಿರುವ ಕರ್ನಲ್ ಎಂಬ ತಿರುಳು ಹೆಚ್ಚುಕಡಿಮೆ ಒಂದೇ. ನಾನಂತೂ ಎರಡಕ್ಕೆ ಉಬುಂಟು, ಎರಡಕ್ಕೆ ಡೆಬಿಯನ್ ಹಾಕಿ ಕೈಸುಟ್ಟುಕೊಂಡೆ. ಯಂತ್ರಗಳ ನಡುವೆ ಸಂದೇಶ ಸಾಗಿಸುವ ಎಂಪಿಐ ಲೈಬ್ರರಿ ಎರಡರಲ್ಲೂ ಬೇರೆ ಬೇರೆ ಆವೃತ್ತಿಯದು. ಲೆಕ್ಕ ಶುರುವಾಗುವ ಮೊದಲೇ ನಿಂತಿತು. ಒಂದೇ ಹಿಮ್ಮೇಳದಲ್ಲಿ ಬಡಗಿನ ಭಾಗವತರಿಗೆ ತೆಂಕಿನ ಚೆಂಡೆ ಕೊಟ್ಟಂತೆ: ಇಬ್ಬರೂ ಪಳಗಿದವರೇ, ಆಟ ಮಾತ್ರ ಏಳಲಿಲ್ಲ.

ತಿದ್ದುಪಡಿಗಳು ಎಷ್ಟು ವರ್ಷ ಬರುತ್ತವೆ ಎಂಬ ಆಯುಷ್ಯವನ್ನೂ ನೋಡಬೇಕು. 2029ರವರೆಗೆ ಬಾಳುತ್ತದೆಂದು ನಂಬಿ ಸೆಂಟ್‌ಓಎಸ್ 8 ಎಂಬ ಲಿನಕ್ಸ್ ಹಾಕಿಕೊಂಡವರಿಗೆ, ಅದು 2021ರ ಕೊನೆಗೇ ಮುಗಿಯುತ್ತದೆಂದು 2020ರ ಡಿಸೆಂಬರಿನಲ್ಲಿ ಗೊತ್ತಾಯಿತು. ನಾನು ನಾಲ್ಕಕ್ಕೂ ಡೆಬಿಯನ್‌ನ ಸ್ಥಿರ ಆವೃತ್ತಿಯನ್ನೇ ಹಾಕಿದೆ, ಡೆಸ್ಕ್‌ಟಾಪ್ ಇಲ್ಲದೆ. ಮಾನಿಟರೇ ಇಲ್ಲದ ಯಂತ್ರಕ್ಕೆ ಚಿತ್ರದ ಕಿಟಕಿಗಳೇಕೆ?

ಹೀಗೆಲ್ಲ ಜಾಣನಾದ ಮೇಲೆ ಆಷಾಢದ ಒಂದು ರಾತ್ರಿ ಗುಡುಗಿಗೆ ಕರೆಂಟ್ ಹೋಯಿತು. ಮರಳಿ ಬಂದಾಗ ನಾಲ್ಕೂ ಎದ್ದವು, ಆದರೆ ಮೂರನೆಯದು ಕೆಲಸ ಮುಟ್ಟಲೊಪ್ಪಲಿಲ್ಲ. ಕೇಬಲ್ ಕಿತ್ತು ಹಾಕಿದೆ, ಸ್ವಿಚ್ಚಿನ ದೀಪ ನೋಡಿದೆ, ಎಲ್ಲ ಸರಿ. ಕೊನೆಗೆ ಸುಮ್ಮನೆ ದಿನಾಂಕ ಕೇಳಿದರೆ 2009ರ ಜನವರಿ 1 ಎಂದಿತು! ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿ ಸತ್ತಿತ್ತು. ಇಂಟರ್ನೆಟ್ಟಿನಿಂದ ಹೊತ್ತು ತಿಳಿಯೋಣವೆಂದರೆ ಅದೂ ಕೈಕೊಟ್ಟಿತ್ತು.

ಗಡಿಯಾರ ತಪ್ಪಿದರೆ ಲೆಕ್ಕಕ್ಕೇನು? ಕೆಲಸ ಹಂಚುವ ಸ್ಲರ್ಮ್ ತಂತ್ರಾಂಶ, ಮಂಜ್ ಎಂಬ ಇನ್ನೊಂದರ ಕೈಯಲ್ಲಿ ಪ್ರತಿ ಸಂದೇಶಕ್ಕೂ ಗುರುತಿನ ಚೀಟಿ ಬರೆಸುತ್ತದೆ. ಯಾರೋ ಹಳೆಯ ಚೀಟಿ ಕದ್ದು ಮತ್ತೆ ಬಳಸಬಾರದೆಂದು ಅದರಲ್ಲಿ ಹೊತ್ತನ್ನೂ ನಮೂದಿಸುತ್ತದೆ. ನಾವು ಬದಲಿಸದಿದ್ದರೆ ಅದರ ವಾಯಿದೆ 5 ನಿಮಿಷ. 2009ರಲ್ಲಿ ಕುಳಿತ ಯಂತ್ರಕ್ಕೆ ಮಿಕ್ಕವರ ಚೀಟಿಗಳೆಲ್ಲ ಇನ್ನೂ ಹುಟ್ಟದ ಕಾಲದವು. ನಂಬದೆ ಕೂತಿದ್ದರಲ್ಲಿ ಅದರ ತಪ್ಪೇನೂ ಇಲ್ಲ.

ಇಲ್ಲೊಂದು ತಮಾಷೆಯಿದೆ. ಮಂಜ್‌ಗೆ ಸರಿಯಾದ ಸಮಯ ಬೇಕಿಲ್ಲ, ಎಲ್ಲರದೂ ಒಂದೇ ಸಮಯವಾಗಿದ್ದರೆ ಸಾಕು. ಹಾಗಾಗಿ ಮೊದಲ ಯಂತ್ರವನ್ನೇ ತಾಳ ಹಿಡಿಯಲು ಕೂರಿಸಿದೆ. ಕ್ರೋನಿ ಎಂಬ ತಂತ್ರಾಂಶದ ಮೂಲಕ ಉಳಿದ ಮೂರೂ ಅದನ್ನೇ ಕೇಳಿ ತಮ್ಮ ಗಡಿಯಾರ ತಿದ್ದಿಕೊಳ್ಳುತ್ತವೆ. ಹೊರಗಿನ ಸಂಪರ್ಕ ಇಲ್ಲದ ರಾತ್ರಿ ತಪ್ಪಿದರೆ ನಾಲ್ಕೂ ಒಟ್ಟಿಗೇ ತಪ್ಪುತ್ತವೆ, ಲೆಕ್ಕ ನಡೆಯುತ್ತಿರುತ್ತದೆ. ಮೂರನೆಯದರ ಬ್ಯಾಟರಿ ಬದಲಾಯಿಸಿದ್ದು ಚೌತಿ ಕಳೆದ ಮೇಲೆ.