ಒಂದೇ ಗಿಟಾರ್, ಹಲವು ದನಿ: ಪಿಕಪ್ ವೈರಿಂಗ್ ಬದಲಾದ ಬಗೆ

ದಸರಾ ಹೊತ್ತಿಗೆ ಮಡಿಕೇರಿ, ಗೋಣಿಕೊಪ್ಪಲಿನ ವೇದಿಕೆಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದವರಿಗೆ ಒಂದು ಹಾಡಿಗೆ ಗಾಜಿನಂಥ ತೆಳು ದನಿ ಬೇಕು, ಅದರ ಬೆನ್ನಿಗೇ ಬರುವ ಹಾಡಿಗೆ ಗಡಸು ದನಿ ಬೇಕು. ಎರಡು ಗಿಟಾರ್ ಹೊತ್ತು ತಿರುಗಲು ಆಗದವರು ಹೊಸ ಪಿಕಪ್ (ತಂತಿಯ ಅದುರನ್ನು ವಿದ್ಯುತ್ತಾಗಿಸುವ ಭಾಗ) ಕೊಳ್ಳುವ ಲೆಕ್ಕ ಹಾಕುತ್ತಾರೆ. ಇರುವ ಪಿಕಪ್‌ಗಳನ್ನೇ ಬೇರೆ ರೀತಿಯಲ್ಲಿ ಜೋಡಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಖರ್ಚು ಒಂದು ಸ್ವಿಚ್, ಒಂದಷ್ಟು ವೈರ್, ಒಂದು ಸಂಜೆ.

ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಅದುರಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1931ರ ಹೊತ್ತಿಗೆ ಅಮೆರಿಕದ ಜಾರ್ಜ್ ಬೀಚಮ್ ಇದನ್ನು ಗಿಟಾರಿಗೆ ಹೊಂದಿಸಿದರು. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ತೊಡಕೂ ಅಂದೇ ಶುರುವಾಯಿತು. ತಂತಿಯ ಅದುರನ್ನು ಹಿಡಿಯುವ ಸುರುಳಿ ಪಕ್ಕದ ಟ್ರಾನ್ಸ್‌ಫಾರ್ಮರ್, ಡಿಮ್ಮರ್, ಟ್ಯೂಬ್‌ಲೈಟ್ ಚೋಕುಗಳ ಗುಂಯ್ ಸದ್ದನ್ನೂ ಅಷ್ಟೇ ನಿಷ್ಠೆಯಿಂದ ಹಿಡಿಯುತ್ತದೆ.

1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಇದಕ್ಕೆ ಪರಿಹಾರವಾಗಿ ಹಂಬಕರ್‌ಗೆ ಪೇಟೆಂಟ್ ಅರ್ಜಿ ಹಾಕಿದರು. ಅಕ್ಕಪಕ್ಕ ಎರಡು ಸುರುಳಿ: ಕಾಂತ ಧ್ರುವವೂ ತಿರುವುಮುರುವು, ಜೋಡಣೆಯ ದಿಕ್ಕೂ ತಿರುವುಮುರುವು. ಹೊರಗಿನ ಸದ್ದು ಎರಡರಲ್ಲೂ ಎದುರುಬದುರಾಗಿ ಬಂದು ಅಳಿಯುತ್ತದೆ, ತಂತಿಯ ದನಿ ಮಾತ್ರ ಕೂಡುತ್ತದೆ. 1957ರಲ್ಲಿ ಇದು ಲೆಸ್ ಪಾಲ್ ಗಿಟಾರಿಗೆ ಬಂತು. ಸುರುಳಿಗಳು ಎರಡಿದ್ದರೂ ಹೊರಬರುತ್ತಿದ್ದದ್ದು ಒಂದೇ ಜೋಡಣೆ. ಒಳಗೇ ಬೆಸೆದು ಮುಚ್ಚಿದ್ದರಿಂದ ಬೇರೆ ದನಿ ಕೇಳುವ ದಾರಿ ಇರಲಿಲ್ಲ.

ಅತ್ತ 1954ರ ಫೆಂಡರ್ ಸ್ಟ್ರ್ಯಾಟೊಕಾಸ್ಟರ್‌ಗೆ ಮೂರು ಪಿಕಪ್, ಮೂರು ಸ್ಥಾನದ ಸ್ವಿಚ್. ಒಂದು ಸಲಕ್ಕೆ ಒಂದೇ ಪಿಕಪ್. ನುಡಿಸುವವರು ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ನಿಲ್ಲಿಸಿದರು. ಎರಡು ಪಿಕಪ್ ಒಟ್ಟಿಗೆ ಕೂಡಿ ಮೂಗಿನಲ್ಲಿ ಹಾಡಿದಂಥ ದನಿ ಬಂತು. ಬೆಂಕಿಕಡ್ಡಿ ತುರುಕಿ ನಿಲ್ಲಿಸಿದವರೂ ಇದ್ದರಂತೆ. ಕಂಪನಿ ಐದು ಸ್ಥಾನದ ಸ್ವಿಚ್ ಕೊಟ್ಟದ್ದು 1977ರಲ್ಲಿ, ಅಂದರೆ ಇಪ್ಪತ್ಮೂರು ವರ್ಷ ತಡವಾಗಿ. ಇನ್ನೊಂದೆಡೆ ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ತಂದೆಯೊಡನೆ ಮನೆಯಲ್ಲೇ ಕಟ್ಟಿದ ಗಿಟಾರಿನಲ್ಲಿ ಮೂರು ಪಿಕಪ್‌ಗೂ ಒಂದೊಂದು ಆನ್-ಆಫ್, ಒಂದೊಂದು ಫೇಸ್ ಸ್ವಿಚ್ (ಪಿಕಪ್‌ನ ಎರಡು ತುದಿಗಳನ್ನು ಅದಲುಬದಲು ಮಾಡುವುದು) ಇಟ್ಟರು, ಮೂರನ್ನೂ ಸೀರೀಸ್‌ನಲ್ಲಿ ಕೂಡಿಸಿದರು.

ಈ ಸೀರೀಸ್–ಪ್ಯಾರಲಲ್ ವ್ಯತ್ಯಾಸವೇ ಇಡೀ ಕಥೆಯ ಗಂಟು. ಮದುವೆಮನೆಯ ಸೀರಿಯಲ್ ಸೆಟ್ಟಿನ ಬಲ್ಬುಗಳಂತೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದರೆ ಸೀರೀಸ್: ದನಿ ಜೋರು, ಮಧ್ಯ ದಪ್ಪ, ಮೇಲಿನ ಚುರುಕು ಕಡಿಮೆ. ತಲೆಗೆ ತಲೆ, ಬಾಲಕ್ಕೆ ಬಾಲ ಕಟ್ಟಿದರೆ ಪ್ಯಾರಲಲ್: ದನಿ ತಗ್ಗುತ್ತದೆ, ಆದರೆ ತೆಳುವಾಗಿ ಮಿನುಗುತ್ತದೆ. ಹಂಬಕರ್‌ನ ಒಂದು ಸುರುಳಿಯನ್ನು ಗ್ರೌಂಡಿಗೆ (ಸೊನ್ನೆ ವೋಲ್ಟೇಜಿನ ವೈರಿಗೆ) ಇಳಿಸಿಬಿಟ್ಟರೆ ಕಾಯಿಲ್ ಸ್ಪ್ಲಿಟ್. ಆಗ ಗುಂಯ್ ಸದ್ದು ಮರಳುತ್ತದೆ. ಸ್ಪ್ಲಿಟ್‌ಗೇ ಹೆಸರು ಹೆಚ್ಚು. ನಮ್ಮ ಮಟ್ಟಿಗೆ ಪ್ಯಾರಲಲ್ಲೇ ಲೇಸು: ಸಿಂಗಲ್ ಕಾಯಿಲ್‌ಗೆ (ಒಂದೇ ಸುರುಳಿಯ ಪಿಕಪ್‌ಗೆ) ಹತ್ತಿರದ ದನಿ, ಸದ್ದಿನ ಕಾಟವೂ ಇಲ್ಲ.

ಸ್ಟ್ರ್ಯಾಟ್ ಬಗೆಯ ಗಿಟಾರಿನಲ್ಲಿ ಶುರುಮಾಡುವುದಾದರೆ ಕೆಲಸ ಎರಡೇ ವೈರಿನದು. ಒಂದು ಟೋನ್ ಪಾಟನ್ನು (ಗುಂಡಿಯಡಿ ತಿರುಗುವ ರೆಸಿಸ್ಟರ್) ಎತ್ತಿ-ಒತ್ತುವ ಸ್ವಿಚ್ ಇರುವ ಪುಶ್-ಪುಲ್ ಪಾಟಿಗೆ ಬದಲಿಸಿ (ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್, ಹಂಬಕರ್‌ಗೆ 500). ಐದು ಸ್ಥಾನದ ಸ್ವಿಚ್ಚಿನಲ್ಲಿ ನೆಕ್ ಪಿಕಪ್ (ಗಿಟಾರಿನ ಕತ್ತಿನ ಕಡೆಯದು) ಬರುವ ಕಾಲಿನಿಂದ ಒಂದು ವೈರ್ ಪುಶ್-ಪುಲ್‌ನ ನಡುಕಾಲಿಗೆ, ಅದನ್ನು ಎತ್ತಿದಾಗ ಕೂಡುವ ಕಾಲಿನಿಂದ ಇನ್ನೊಂದು ವೈರ್ ವಾಲ್ಯೂಮ್ ಪಾಟಿನ ಒಳಬರುವ ಕಾಲಿಗೆ. ಎತ್ತಿದಾಗ ನೆಕ್ ಪಿಕಪ್ ಸದಾ ಜೊತೆಗಿರುತ್ತದೆ. ನೆಕ್ ಮತ್ತು ಬ್ರಿಜ್ (ತಂತಿಗಳು ಕೂರುವ ಬುಡದ ಕಡೆಯ) ಪಿಕಪ್ ಒಟ್ಟಿಗೆ, ಮೂರೂ ಒಟ್ಟಿಗೆ ಎಂಬ ಎರಡು ಹೊಸ ದನಿ ಸೇರಿ ಐದು ಏಳಾಗುತ್ತದೆ. ಅಗ್ಗದ ಗಿಟಾರುಗಳ ಒಳಗುಳಿ ಆಳ ಕಡಿಮೆ. ಪುಶ್-ಪುಲ್ ಕೂರುತ್ತದೆಯೇ ಎಂದು ಕೊಳ್ಳುವ ಮೊದಲೇ ಅಳೆಯಿರಿ.

ಹಂಬಕರ್‌ಗೆ ಸೀರೀಸ್–ಪ್ಯಾರಲಲ್ ಸ್ವಿಚ್ ಹಾಕಲು ಅದರಿಂದ ನಾಲ್ಕು ವೈರ್ ಹೊರಬಂದಿರಬೇಕು. ಸೀಮೋರ್ ಡಂಕನ್ ಕಂಪನಿಯ ಪಿಕಪ್ ಬಣ್ಣಗಳಲ್ಲಿ ಕಪ್ಪು ಹಾಟ್ (ದನಿ ಹೊರಡುವ ವೈರ್), ಹಸಿರು ಗ್ರೌಂಡ್, ಕೆಂಪು–ಬಿಳಿ ನಡುವಿನ ಕೊಂಡಿ. ಆರು ಕಾಲಿನ ಸ್ವಿಚ್ಚಿನ ಎರಡು ನಡುಕಾಲುಗಳಿಗೆ ಬಿಳಿ ಮತ್ತು ಕೆಂಪು. ಮೇಲಿನ ಎರಡು ಕಾಲುಗಳನ್ನು ಪರಸ್ಪರ ಸೇರಿಸಿ, ಅದು ಸೀರೀಸ್. ಕೆಳಗಿನ ಕಾಲುಗಳಲ್ಲಿ ಬಿಳಿಯ ಕಡೆಯದು ಗ್ರೌಂಡಿಗೆ, ಕೆಂಪಿನ ಕಡೆಯದು ಹಾಟ್‌ಗೆ, ಅದು ಪ್ಯಾರಲಲ್. ಡಿಮಾರ್ಜಿಯೋ ಕಂಪನಿಯ ಪಿಕಪ್‌ನಲ್ಲಿ ಹಾಟ್ ಕೆಂಪು, ಕೊಂಡಿ ಕಪ್ಪು–ಬಿಳಿ. ಬಣ್ಣ ಅವೇ, ಅರ್ಥ ಬೇರೆ. ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಬೆಸೆದ ಮೇಲೆ ಜಾಕಿಗೆ ಕೇಬಲ್ ಹಾಕಿ, ವಾಲ್ಯೂಮ್ ಪೂರ್ತಿ ತೆರೆದು ಮಲ್ಟಿಮೀಟರ್ ಹಿಡಿಯಿರಿ. ಸೀರೀಸ್‌ನಲ್ಲಿ 8 ಕಿಲೋಓಮ್ ತೋರಿಸಿದ ಪಿಕಪ್ ಪ್ಯಾರಲಲ್‌ನಲ್ಲಿ 2ರ ಆಸುಪಾಸು ತೋರಿಸಬೇಕು, ಸ್ಪ್ಲಿಟ್ ಆದರೆ 4. ಮೀಟರ್ ಏನೂ ತೋರಿಸದಿದ್ದರೆ ಎಲ್ಲೋ ತಂತಿ ಕಡಿದಿದೆ. ಸುರುಳಿಯ ತಂತಿ 0.063 ಮಿ.ಮೀ. ದಪ್ಪದ್ದು, ವೈರನ್ನು ಜಗ್ಗಿದರೆ ಬುಡದಲ್ಲೇ ತುಂಡಾಗುತ್ತದೆ.

ಎರಡು ಪಿಕಪ್ ಕೂಡಿದಾಗ ದನಿ ಸೊರಗಿ ತಗಡಿನಂತೆ ಕೇಳಿದರೆ ಅವು ಎದುರು ಫೇಸ್‌ನಲ್ಲಿವೆ. ಮೀಟರನ್ನು 20 ಕಿಲೋಓಮ್‌ಗಿಟ್ಟು ಪಿಕಪ್ ಮೇಲೆ ಸ್ಕ್ರೂಡ್ರೈವರ್ ತಾಗಿಸಿ ಥಟ್ಟನೆ ಎತ್ತಿ. ಅಂಕಿ ಒಂದರಲ್ಲಿ ಏರಿ ಇನ್ನೊಂದರಲ್ಲಿ ಇಳಿದರೆ ಒಂದರ ಎರಡು ವೈರ್ ಅದಲುಬದಲು ಮಾಡಿ. ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಪೀಟರ್ ಗ್ರೀನ್ ಅವರ ಲೆಸ್ ಪಾಲ್‌ಗೆ ಹೆಸರು ತಂದದ್ದು ಇದೇ ‘ದೋಷ’, ಹಾಗಾಗಿ ಬೇಕೆಂದೇ ಇಟ್ಟುಕೊಳ್ಳುವವರೂ ಇದ್ದಾರೆ. ಫೆಂಡರ್‌ನ ಇನ್ನೊಂದು ಗಿಟಾರ್ ಟೆಲಿಕಾಸ್ಟರ್‌ನ ನೆಕ್ ಪಿಕಪ್‌ಗೆ ಲೋಹದ ಮುಚ್ಚಳ ಗ್ರೌಂಡ್ ವೈರಿಗೇ ಅಂಟಿರುತ್ತದೆ. ಅದನ್ನು ಬಿಡಿಸಿ ಪ್ರತ್ಯೇಕ ಗ್ರೌಂಡ್ ಕೊಡದೆ ಸೀರೀಸ್ ಅಥವಾ ಫೇಸ್ ಸ್ವಿಚ್ ಹಾಕಿದರೆ ಮುಚ್ಚಳ ಮುಟ್ಟಿದಾಗೆಲ್ಲ ಗುಂಯ್ ಎನ್ನುತ್ತದೆ.

ಬೆಸುಗೆಗೆ 30–40 ವ್ಯಾಟ್ ಸೋಲ್ಡರಿಂಗ್ ಐರನ್, 60/40 (ತವರ–ಸೀಸ) ಸೋಲ್ಡರ್ ಸಾಕು. ಪಾಟಿನ ಬೆನ್ನನ್ನು ಮರಳುಕಾಗದದಿಂದ ಉಜ್ಜಿದರೆ ಮೂರ್ನಾಲ್ಕು ಸೆಕೆಂಡಿನಲ್ಲಿ ಹಿಡಿಯುತ್ತದೆ. ಹೆಚ್ಚು ಹೊತ್ತು ಒತ್ತಿದರೆ ಒಳಗಿನ ಕಾರ್ಬನ್ ಪಟ್ಟಿ ಕೆಡುತ್ತದೆ.

ಕೊಡಗಿನಲ್ಲಿ ಇನ್ನೆರಡು ವಿಷಯ ಗಮನಿಸಬೇಕು. ತೋಟದಂಚಿನ ಮನೆಗಳಲ್ಲಿ ಸುಮಾರು ಸೆಕೆಂಡಿಗೊಮ್ಮೆ ‘ಟಿಕ್’ ಎಂದರೆ ವೈರಿಂಗನ್ನು ಬಿಚ್ಚುವ ಮೊದಲು ಆನೆಗೆ ಹಾಕಿದ ಸೋಲಾರ್ ಬೇಲಿಯನ್ನು ನೋಡಿ. ಮಳೆಗಾಲದಲ್ಲಿ ಬಳ್ಳಿ ತಾಗಿ ಕಿಡಿ ಹಾರುವ ಬೇಲಿಯ ಮಿಡಿತವನ್ನೂ ಪಿಕಪ್ ಹಿಡಿಯುತ್ತದೆ. ಇನ್ನೊಂದು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಂಜು-ಮಳೆಯಲ್ಲಿ ಮೊದಲು ಕೆಡುವುದು ಪಿಕಪ್ ಅಲ್ಲ, ಸ್ವಿಚ್ಚಿನ ಸಂಪರ್ಕ ಮತ್ತು ಜಾಕು. ಸ್ವಿಚ್ ಹೆಚ್ಚಿದಷ್ಟೂ ಕೈಕೊಡುವ ಜಾಗ ಹೆಚ್ಚು. ವೇದಿಕೆಯ ಗಿಟಾರಿಗೆ ಒಂದು ಪುಶ್-ಪುಲ್, ಹೆಚ್ಚೆಂದರೆ ಎರಡು. ಆಗಸ್ಟಿನಲ್ಲೊಮ್ಮೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪ್ರತಿ ಸ್ವಿಚ್ಚನ್ನು ಇಪ್ಪತ್ತು ಸಲ ಆಡಿಸಿ, ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ದಸರಾ ರಾತ್ರಿ ಕರಕರ ಸದ್ದು ಬರುವುದಿಲ್ಲ.