ಓದುಗರ ಪ್ರಶ್ನೆ: ಹುಡುಗರ ಮೊಬೈಲ್‌ಗೆ ನುಡಿ ಫಾಂಟ್ ಹಾಕೋದು ಹ್ಯಾಂಗ್ರಿ?

"ಸರ್, ನುಡಿಯಾಗ ಟೈಪ್ ಮಾಡಿದ ಪ್ರಶ್ನೆ ಗೂಗಲ್ ಫಾರ್ಮ್‌ಗೆ ಹಾಕಿದ್ರ ಬರೇ ಗೀಟು-ಚುಕ್ಕಿ ಕಾಣ್ತಾವ. ಹುಡುಗರ ಮೊಬೈಲ್‌ಗೆ ನುಡಿ ಫಾಂಟ್ ಹಾಕೋದು ಹ್ಯಾಂಗ್ರಿ?"

ಇಂಟರ್ನಲ್ಸ್ ಹತ್ತಿರ ಬಂತೆಂದರೆ ಅಥಣಿಯಿಂದ ಇಂಡಿವರೆಗೆ ಪದವಿ ಕಾಲೇಜಿನ ಮೇಷ್ಟ್ರುಗಳದ್ದು ಇದೇ ಪ್ರಶ್ನೆ. ಉತ್ತರವೂ ಅದೇ: ಹಾಕಬೇಡಿ. ತೊಂದರೆ ಫಾಂಟಿನದಲ್ಲ.

ಇನ್ನೊಮ್ಮೆ ಹೇಳುತ್ತೇನೆ. ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆಯ ಫಾಂಟಿನಲ್ಲಿ "ಕ" ಒತ್ತಿದಾಗ ಫೈಲಿನಲ್ಲಿ ಕನ್ನಡ ಕೂರುವುದೇ ಇಲ್ಲ. ಕೂರುವುದು 80 ಮತ್ತು 192 ಎಂಬ ಎರಡು ಸಂಖ್ಯೆಗಳು. 80 ಅಂದರೆ ಇಂಗ್ಲಿಷಿನ ದೊಡ್ಡ ಪಿ. 192 ಅಂದರೆ ತಲೆ ಮೇಲೆ ಗೀಟಿರುವ ಎ. ಫಾಂಟು ಪಿ ಜಾಗದಲ್ಲಿ ಕಕಾರದ ಒಡಲನ್ನೂ, ಎ ಜಾಗದಲ್ಲಿ ತಲೆಕಟ್ಟನ್ನೂ ಬರೆದು ತೋರಿಸುತ್ತದೆ. ಬಯಲಾಟದ ವೇಷದಂತೆ, ಕಳಚಿದರೆ ಒಳಗಿರುವವನೇ ಬೇರೆ. ಎಲ್ಲ ಭಾಷೆಯ ಅಕ್ಷರಗಳಿಗೂ ಅದರದರದೇ ಸಂಖ್ಯೆ ಕೊಟ್ಟಿರುವ ಯುನಿಕೋಡ್‌ನಲ್ಲಾದರೆ ಕ ಅಂದರೆ 3221, ಯಾವ ಕನ್ನಡ ಫಾಂಟಿನಲ್ಲಿ ತೆರೆದರೂ ಕ. ಆನ್‌ಲೈನ್ ಪಾಠ-ಪರೀಕ್ಷೆ ನಡೆಸುವ ಮೂಡಲ್ ತಂತ್ರಾಂಶದ ಸರ್ವರ್‌ಗೆ ಹಟ ಹಿಡಿದು ನುಡಿ ಫಾಂಟ್ ಸೇರಿಸಿದರೂ, ಕನ್ನಡದಲ್ಲಿ ಹುಡುಕಿದರೆ ಪ್ರಶ್ನೆ ಸಿಗದು. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಆ ಗೀಟುಗಳನ್ನೇ ಓದುತ್ತದೆ. "ಪಿಡಿಎಫ್‌ನಾಗ ಸರಿ ಕಾಣ್ತದಲ್ರೀ?" ಕಾಣುತ್ತದೆ, ಫಾಂಟು ಅದರೊಳಗೇ ಸೇರಿಕೊಂಡಿದೆ. ಒಂದು ಸಾಲು ಕಾಪಿ ಮಾಡಿ ವಾಟ್ಸ್ಯಾಪ್‌ಗೆ ಅಂಟಿಸಿ, ಬಣ್ಣ ಬಯಲಾಗುತ್ತದೆ.

ಮಾಡಬೇಕಾದ್ದು ಪರಿವರ್ತನೆ. ಮೂಲ ಫೈಲಿನ ಒಂದು ಪ್ರತಿ ಎತ್ತಿಟ್ಟುಕೊಂಡು, ಆಸ್ಕಿಯಿಂದ, ಅಂದರೆ ಮೇಲೆ ಹೇಳಿದ ಹಳೆಯ ಸಂಖ್ಯೆಗಳಿಂದ, ಯುನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಕನ್ನಡ ಭಾಗವನ್ನಷ್ಟೇ ಕೊಡಿ. ಇಡೀ ಪುಟ ಕೊಟ್ಟರೆ ಆಯ್ಕೆಗಳ ಮುಂದಿನ ಇಂಗ್ಲಿಷ್ ಎ, ಬಿ, ಸಿ, ಡಿ ಕ್ರಮವಾಗಿ ಅನುಸ್ವಾರ, ವಿಸರ್ಗ, ಅ, ಆ ಆಗಿಬಿಡುತ್ತವೆ. ರಸಾಯನಶಾಸ್ತ್ರದ ಸೂತ್ರಗಳಂತೂ ಕೇಳಲೇಬೇಡಿ. ಬಂದದ್ದರಲ್ಲಿ ಅರ್ಕಾವತ್ತಿನ ಪದಗಳನ್ನು ಕಣ್ಣಾರೆ ನೋಡಿ. ಮೂಡಲ್‌ಗೆ ಗಿಫ್ಟ್ ಫೈಲ್ (ಪ್ರಶ್ನೆ-ಉತ್ತರಗಳ ಸಾದಾ ಪಠ್ಯದ ಫೈಲ್) ಆಗಿ ಹಾಕುವವರು ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ಯುಟಿಎಫ್-8 ಆರಿಸಬೇಕು. ಮೊದಲು 5 ಪ್ರಶ್ನೆ ಹಾಕಿ ಮೊಬೈಲ್‌ನಲ್ಲಿ ತೆರೆದು ನೋಡಿ, ಆಮೇಲೆ ಉಳಿದದ್ದು.

ಯಾರೂ ಕೇಳದ, ಕೇಳಬೇಕಿದ್ದ ಮಾತೊಂದಿದೆ: ಒಂದು ಪದದ ಉತ್ತರಗಳು. ನಿಮ್ಮ ಸರಿಯುತ್ತರದ ಕೀಯಲ್ಲಿ "ಸಾಫ್ಟ್‌ವೇರ್" ಇದೆ. ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಕೂತು ಅವೆರಡನ್ನೂ ಬಿಡಿಸಿ ಇಟ್ಟಿದೆ. ಹುಡುಗಿ ಅದಿಲ್ಲದೆ "ಸಾಫ್ಟ್ವೇರ್" ಎಂದು ಬರೆದಳು. ಯಂತ್ರಕ್ಕೆ ಅದು ಬೇರೆ ಪದ, ಅಂಕ ಸೊನ್ನೆ. ಏಕೀಕರಣದ ವರ್ಷ ಕೇಳಿದರೆ 1956 ಸರಿ, ೧೯೫೬ ತಪ್ಪು! ಎರಡೂ ರೂಪಗಳನ್ನು ಸರಿಯುತ್ತರವೆಂದು ಕೀಯಲ್ಲಿ ಸೇರಿಸಿ. ಫಾರ್ಮ್‌ನಲ್ಲೂ ಮೂಡಲ್‌ನಲ್ಲೂ ಅದಕ್ಕೆ ಅವಕಾಶವಿದೆ. ಫಾರ್ಮ್‌ನ ಸೆಟ್ಟಿಂಗ್ಸ್‌ನಲ್ಲಿ, ಅಂಕಗಳು ಕೂಡಲೇ ಹೋಗದೆ ನೀವು ನೋಡಿದ ಮೇಲೆ ಹೋಗುವ ಆಯ್ಕೆಗೆ ಗುರುತು ಹಾಕಿಡಿ.