ಪುಟ್ಟ ಪಿಸ್ತೂಲಿಗೆ ಎಂಥ ಗುಂಡು?

1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿ ಹತ್ತಿರ ಇಬ್ಬರು ದರೋಡೆಕೋರರಿಗೂ ಎಫ್‌ಬಿಐ ಅಧಿಕಾರಿಗಳಿಗೂ ಗುಂಡಿನ ಕಾಳಗ ನಡೆಯಿತು. ಒಬ್ಬ ದರೋಡೆಕೋರನಿಗೆ ಬಿದ್ದ 9 ಎಂಎಂ ಗುಂಡು ಬಲತೋಳನ್ನು ತೂರಿ ಎದೆಯೊಳಗೆ ಹೋಯಿತು. ಹೃದಯಕ್ಕೆ ಇನ್ನೊಂದು ಇಂಚು ಇರುವಾಗ ನಿಂತುಬಿಟ್ಟಿತು. ಅವನು ಕೊನೆಗೆ ಸತ್ತ, ನಿಜ. ಆದರೆ ಆ ಗುಂಡು ತಗುಲಿದ ಮೇಲೂ ಹೊಡೆಯುತ್ತಲೇ ಇದ್ದ. ಇಬ್ಬರು ಅಧಿಕಾರಿಗಳು ಜೀವ ಕಳೆದುಕೊಂಡರು, ಐವರು ಗಾಯಗೊಂಡರು.

ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವ ಅಮೆರಿಕನ್ನರು ಇವತ್ತು ಗುಂಡು ಆರಿಸುವ ರೀತಿಯನ್ನು ಆ ಒಂದು ಇಂಚು ಬದಲಿಸಿತು.

ಗುಂಡು ಬಿದ್ದವನು ಹಿಂದಕ್ಕೆ ಹಾರಿ ಬೀಳುವುದನ್ನು ಸಿನಿಮಾದಲ್ಲಿ ನೋಡುತ್ತೇವೆ, ಅಲ್ವಾ? ಅದು ಆಗದ ಮಾತು. ನ್ಯೂಟನ್ನನ ಮೂರನೇ ನಿಯಮ ನೆನಪಿಸಿಕೊಳ್ಳಿ. ಗುಂಡು ತಗುಲಿದವನಿಗೆ ಅಷ್ಟು ದೊಡ್ಡ ತಳ್ಳು ಸಿಗುವುದಾದರೆ, ಹೊಡೆದವನೂ ಹಿಂದಕ್ಕೆ ಹಾರಬೇಕಾಗುತ್ತದೆ. ರೈಫಲ್ ಗುಂಡಿನ ವೇಗ ಬಹಳ ಜಾಸ್ತಿ. ಅದು ಸುತ್ತಲಿನ ಅಂಗಾಂಶವನ್ನೂ ಹಿಗ್ಗಿಸಿ ಹರಿಯಬಲ್ಲದು. ಪಿಸ್ತೂಲಿನ ಗುಂಡಿಗೆ ಆ ಶಕ್ತಿ ಇಲ್ಲ. ಅದು ಹಾನಿ ಮಾಡುವುದು ಮುಖ್ಯವಾಗಿ ತಾನು ಮುಟ್ಟಿದ ಜಾಗಕ್ಕೆ. ಹಾಗಾಗಿ ಅದು ಎಷ್ಟು ಆಳ ಹೋಯಿತು, ಎಷ್ಟು ಅಗಲದ ದಾರಿ ಮಾಡಿತು ಎಂಬ ಎರಡೇ ಲೆಕ್ಕ.

ಇದನ್ನು ಅಳೆಯಲು, ಮಾಂಸದಂತೆಯೇ ಗುಂಡನ್ನು ತಡೆಯುವ ಜೆಲಟಿನ್ ಜೆಲ್ಲಿ ಬಳಸುತ್ತಾರೆ. ಅಮೆರಿಕದ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಈ ವಿಧಾನವನ್ನು ಗಟ್ಟಿ ನೆಲೆಗೆ ತಂದವರು. ನೂರು ಗ್ರಾಂ ಮಿಶ್ರಣದಲ್ಲಿ ಹತ್ತು ಗ್ರಾಂ ಜೆಲಟಿನ್, ತಾಪ 4 ಡಿಗ್ರಿ. ಮೊದಲು ಸಣ್ಣದೊಂದು ಉಕ್ಕಿನ ಚೆಂಡನ್ನು ಸೆಕೆಂಡಿಗೆ ಸುಮಾರು 180 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಅದು ಎಂಟೂವರೆ ಸೆಂಟಿಮೀಟರ್ ಆಸುಪಾಸಿನಲ್ಲಿ ನಿಂತರೆ ಮಾತ್ರ ಆ ಜೆಲ್ಲಿ ಪರೀಕ್ಷೆಗೆ ಯೋಗ್ಯ. ಮಯಾಮಿ ಘಟನೆಯ ನಂತರ ಎಫ್‌ಬಿಐ ಇದೇ ಜೆಲ್ಲಿಯಲ್ಲಿ ಅಳತೆ ಗೊತ್ತುಮಾಡಿತು: ಗುಂಡು ಕನಿಷ್ಠ 12 ಇಂಚು ಹೋಗಬೇಕು, 18 ಇಂಚು ದಾಟಬಾರದು.

ಮನುಷ್ಯನ ಎದೆ ಅಷ್ಟು ದಪ್ಪ ಇಲ್ಲವಲ್ಲ? ಇಲ್ಲ. ಆದರೆ ಎದುರಿನವನು ಪಕ್ಕಕ್ಕೆ ತಿರುಗಿರಬಹುದು, ಕೈ ಚಾಚಿರಬಹುದು. ಮಯಾಮಿಯಲ್ಲಿ ಅಡ್ಡ ಬಂದದ್ದು ತೋಳೇ.

ಇನ್ನು ಅಗಲದ ಮಾತು. ತುದಿಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್ ಗುಂಡು ದೇಹ ಹೊಕ್ಕ ಕೂಡಲೇ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಅಡ್ಡಳತೆ ಒಂದೂವರೆ ಪಟ್ಟಾದರೆ ಮುಂಭಾಗದ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. ದಾರಿ ಅಗಲವಾಗುತ್ತದೆ, ತಡೆಯೂ ಅಷ್ಟೇ ಹೆಚ್ಚುತ್ತದೆ, ಗುಂಡು ಬೇಗ ನಿಲ್ಲುತ್ತದೆ. ಹೀಗೆ ಅರಳುವ ಗುಂಡುಗಳನ್ನು ಬ್ರಿಟಿಷರು 1890ರ ದಶಕದಲ್ಲಿ ಕೋಲ್ಕತ್ತದ ಪಕ್ಕದ ದಮ್‌ದಮ್ ಕಾರ್ಖಾನೆಯಲ್ಲಿ ಮಾಡಿಸಿದ್ದರು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇಂಥವನ್ನು ನಿಷೇಧಿಸಿತು. ಆದರೆ ಅಮೆರಿಕದ ಪೊಲೀಸರು ಇವನ್ನೇ ಬಳಸುತ್ತಾರೆ. ಗುಂಡು ಒಬ್ಬನನ್ನು ತೂರಿ ಹಿಂದಿರುವ ಅಮಾಯಕನಿಗೆ ಬೀಳಬಾರದು ಎಂಬುದು ಮುಖ್ಯ ಕಾರಣ. ನನಗೆ ಈ ಕಾರಣ ಪೂರ್ತಿ ಒಪ್ಪಿಗೆ.

ತೊಡಕು ಶುರುವಾಗುವುದು ಪುಟ್ಟ ಪಿಸ್ತೂಲಿನಲ್ಲಿ. ಜೇಬಲ್ಲಿ ಹಿಡಿಸುವ, .380 ಎಂಬ ಸಣ್ಣ ಅಳತೆಯ ಪಿಸ್ತೂಲಿನ ನಳಿಗೆ ಮೂರು ಇಂಚೂ ಇರುವುದಿಲ್ಲ. ಮದ್ದಿನ ಅನಿಲ ಪೂರ್ತಿ ತಳ್ಳುವ ಮುಂಚೆಯೇ ಗುಂಡು ಹೊರಬಿದ್ದಿರುತ್ತದೆ. ಆರು ಗ್ರಾಂ ತೂಕದ ಗುಂಡಿಗೆ ಸಿಗುವುದು ಹೆಚ್ಚುಕಡಿಮೆ 250 ಜೌಲ್ ಶಕ್ತಿ. ದೊಡ್ಡ 9 ಎಂಎಂ ಪಿಸ್ತೂಲಿನಲ್ಲಿ ಅದು 450ರ ಹತ್ತಿರ. ಇಷ್ಟು ಕಡಿಮೆ ಶಕ್ತಿಯಲ್ಲಿ ಅಗಲವೂ ಬೇಕು ಆಳವೂ ಬೇಕು ಎಂದರೆ ಕಷ್ಟ. ಚೆನ್ನಾಗಿ ಅರಳಿದ ಎಷ್ಟೋ .380 ಗುಂಡುಗಳು 12 ಇಂಚು ಮುಟ್ಟುವುದಿಲ್ಲ. ಅದೇ ಗುಂಡು ದಪ್ಪ ಡೆನಿಮ್ ಬಟ್ಟೆ ತೂರಿದರೆ ಗುಳಿಯಲ್ಲಿ ನೂಲು ತುಂಬಿ, ಅರಳದೆ, 18 ಇಂಚು ದಾಟಿಬಿಡಬಹುದು. ಈ ನೂಲಿನ ಕಾಟ ತಪ್ಪಿಸಲು ಹಾರ್ನಡಿ ಕಂಪನಿ ಗುಳಿಯೊಳಗೆ ಮೆತ್ತನೆಯ ಪಾಲಿಮರ್ ತುಂಬಿದ ಗುಂಡು ಮಾಡುತ್ತದೆ.

ನನ್ನ ಅಭಿಪ್ರಾಯದಲ್ಲಿ ಆಳಕ್ಕೆ ಮೊದಲ ಮಣೆ. ಅರಳಿದ ಗುಂಡು ಬೇಕಾದ ಜಾಗ ಮುಟ್ಟದಿದ್ದರೆ ಅರಳಿ ಏನು ಪ್ರಯೋಜನ? ಹಾಗಂತ ಪೆಟ್ಟಿಗೆ ಮೇಲೆ ಬರೆದ ವೇಗ ನೋಡಿ ಕೊಳ್ಳಬಾರದು. ಅದನ್ನು ಬಹುಪಾಲು ಉದ್ದ ನಳಿಗೆಯಲ್ಲಿ ಅಳೆದಿರುತ್ತಾರೆ. ಗಿಡ್ಡ ನಳಿಗೆಯಿಂದ ಹೊಡೆದ ಜೆಲ್ಲಿ ಪರೀಕ್ಷೆಯನ್ನೇ ಹುಡುಕಬೇಕು. ಪಿಸ್ತೂಲು ಹಗುರವಾದಷ್ಟೂ ಹಿಂದೊದೆತ ಜಾಸ್ತಿ, ಗುರಿಯೂ ತಪ್ಪುತ್ತದೆ. ಆರಿಸಿದ ಗುಂಡು ನಮ್ಮದೇ ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳದೆ ಓಡುತ್ತದೆಯೇ ಎಂದು ಶೂಟಿಂಗ್ ರೇಂಜಿನಲ್ಲಿ ನೋಡಲೇಬೇಕು.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಒಂದೇ ತೋಟಾವನ್ನು ದಿನಾ ತೆಗೆದು ಮತ್ತೆ ತುಂಬುತ್ತಿದ್ದರೆ ಗುಂಡು ಕೇಸಿನೊಳಗೆ, ಅಂದರೆ ಮದ್ದು ತುಂಬಿದ ಲೋಹದ ಕೊಳವೆಯೊಳಗೆ, ಸ್ವಲ್ಪ ಸ್ವಲ್ಪವೇ ಕುಸಿಯುತ್ತದೆ. ಒಳಗಿನ ಜಾಗ ಕಿರಿದಾಗಿ, ಹೊಡೆದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಹೊಸ ತೋಟಾದ ಪಕ್ಕ ಇಟ್ಟು ನೋಡಿ, ಗಿಡ್ಡ ಕಂಡರೆ ಅದನ್ನು ಹೊಡೆಯದೆ ಪಕ್ಕಕ್ಕಿಡಬೇಕು.